ಪಿಕಪ್ ಗಾಡಿ ಕೊಳ್ಳುವಾಗ ಡೀಸೆಲ್ಲಾ, ಪೆಟ್ರೋಲಾ? ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದು ಕೋಲಾರದ ಕಡೆ. ಟೊಮೆಟೊ ಬೆಳೆಯುತ್ತೇವೆ, ತೋಟದಲ್ಲಿ ಬೆಳೆ ಇಲ್ಲದ ತಿಂಗಳು ಗಾಡಿಯನ್ನು ಬಾಡಿಗೆಗೆ ಓಡಿಸುತ್ತೇವೆ. ಇಲ್ಲಿಯವರೆಗೆ ಮೂರು ಗಾಡಿ ಕೊಂಡಿದ್ದೇನೆ. ಮೊದಲ ಎರಡು ಡೀಸೆಲ್, ಈಗ ಮನೆ ಮುಂದೆ ನಿಂತಿರುವುದು ಪೆಟ್ರೋಲ್. ನಮ್ಮ ಭಾವ ಮೂಡಿಗೆರೆಯಲ್ಲಿದ್ದಾರೆ, ಅವರದು ಡೀಸೆಲ್, ಅವರು ಅದನ್ನು ಬಿಡಬಾರದು ಅಂತ ನಾನೇ ಹೇಳುತ್ತೇನೆ. ಇಬ್ಬರದೂ ಸರಿಯೇ, ಯಾಕೆ ಅನ್ನೋದೇ ಇಲ್ಲಿರುವ ವಿಷಯ. ಊರಲ್ಲಿ ಯಾರಾದರೂ ಗಾಡಿ ತಗೊಳ್ಳೋಕೆ ಹೊರಟರೆ ನನ್ನನ್ನು ಕೇಳುವ ಪ್ರಶ್ನೆಗಳನ್ನೆಲ್ಲ ಒಂದು ಕಡೆ ಬರೆದಿದ್ದೇನೆ.

ಒಂದೇ ಮಾತಲ್ಲಿ ಹೇಳಿ, ಯಾವುದು ತಗೊಳ್ಳಲಿ?

ದಿನಕ್ಕೆ ನೂರು ಕಿಲೋಮೀಟರ್ ಮೇಲೆ, ಅದೂ ಲೋಡ್ ಹಾಕಿಕೊಂಡು, ಹೆದ್ದಾರಿಯಲ್ಲೋ ಘಾಟಿಯಲ್ಲೋ ಓಡುವುದಾದರೆ ಡೀಸೆಲ್. ಊರೊಳಗೆ ಹತ್ತು ಕಡೆ ನಿಂತು ನಿಂತು, ದಿನಕ್ಕೆ ನಲವತ್ತು ಐವತ್ತು ಕಿಲೋಮೀಟರ್ ಅಷ್ಟೇ ಅಂದರೆ ಪೆಟ್ರೋಲ್. ನಡುವೆ ಇರುವವರು ಲೆಕ್ಕ ಹಾಕಲೇಬೇಕು.

ಲೆಕ್ಕ ಅಂದರೆ ಬಾಯಿಲೆಕ್ಕ ಅಲ್ಲ. ಹದಿನೈದು ದಿನ ಒಂದು ಪುಸ್ತಕದಲ್ಲಿ ಬರೆಯಿರಿ: ಎಷ್ಟು ಕಿಲೋಮೀಟರ್, ಎಷ್ಟು ಕೆಜಿ, ಎಷ್ಟು ಸಲ ನಿಲ್ಲಿಸಿದ್ದು, ವಾಪಸ್ ಬರುವಾಗ ಖಾಲಿನಾ ಲೋಡಾ. ಸದ್ಯಕ್ಕೆ ಬಾಡಿಗೆ ಗಾಡಿಯಲ್ಲಿ ಸಾಗಿಸುತ್ತಿದ್ದರೂ ಬರೆಯಿರಿ. ದಿನಕ್ಕೆ ನೂರು ಕಿಲೋಮೀಟರ್ ಆಗುತ್ತದೆ ಅಂತ ಹೇಳುವವರು ಬರೆದು ನೋಡಿದಾಗ ಅರವತ್ತೂ ದಾಟದಿರುವುದನ್ನು ನಾನು ಕಂಡಿದ್ದೇನೆ.

ಡೀಸೆಲ್ ಯಾವತ್ತಿದ್ರೂ ಅಗ್ಗ ಅಲ್ವಾ?

ಆಗ ಅಗ್ಗ ಇತ್ತು. 2012ರ ಮೇ ತಿಂಗಳಲ್ಲಿ ದೆಹಲಿಯಲ್ಲಿ ಪೆಟ್ರೋಲ್ ಲೀಟರಿಗೆ 73 ರೂಪಾಯಿ, ಡೀಸೆಲ್ 41. ಲೀಟರಿಗೆ ಮೂವತ್ತು ರೂಪಾಯಿಗಿಂತ ಜಾಸ್ತಿ ವ್ಯತ್ಯಾಸ! ಆಗ ಗಾಡಿ ಅಂದರೆ ಡೀಸೆಲ್ಲೇ, ಯೋಚನೆ ಮಾಡುವ ಮಾತೇ ಇರಲಿಲ್ಲ. 2014ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಡೀಸೆಲ್ ಬೆಲೆಯ ಮೇಲಿನ ಹಿಡಿತ ಬಿಟ್ಟಿತು. ಆಮೇಲೆ ಆ ಅಂತರ ಕರಗುತ್ತಾ ಬಂತು. ನಮ್ಮ ರಾಜ್ಯದಲ್ಲಿ 2025ರ ಏಪ್ರಿಲ್‌ನಲ್ಲಿ ಮಾರಾಟ ತೆರಿಗೆ ಏರಿಸಿ ಡೀಸೆಲ್ ಮತ್ತೆ 2 ರೂಪಾಯಿ ಜಾಸ್ತಿ ಆದಾಗ ಬೆಂಗಳೂರಲ್ಲಿ ಡೀಸೆಲ್ 91ರ ಹತ್ತಿರ, ಪೆಟ್ರೋಲ್ 103ರ ಹತ್ತಿರ ಇತ್ತು. ಮೂವತ್ತು ಇದ್ದದ್ದು ಹನ್ನೆರಡಕ್ಕೆ ಬಂತು.

ಆದರೆ ನಮ್ಮ ಮನಸ್ಸು ಇನ್ನೂ 2012ರಲ್ಲೇ ಇದೆ. ನಮ್ಮ ತಂದೆಯವರ ಕಾಲದ ಮಾತನ್ನೇ ನಂಬಿಕೊಂಡು ಲಕ್ಷಗಟ್ಟಲೆ ಜಾಸ್ತಿ ಕೊಟ್ಟು ಡೀಸೆಲ್ ತರುತ್ತೇವೆ. ಡೀಸೆಲ್‌ನಲ್ಲಿ ಈಗ ಉಳಿಯುವ ದುಡ್ಡು ಹೆಚ್ಚಾಗಿ ಮೈಲೇಜಿನಿಂದ ಬರುವುದು, ಲೀಟರ್ ಬೆಲೆಯಿಂದ ಬರುವುದು ಕಡಿಮೆ.

ಹಾಗಾದ್ರೆ ಲೆಕ್ಕ ಹೇಗೆ ಹಾಕೋದು?

ಒಂದು ಉದಾಹರಣೆ ತಗೊಳ್ಳೋಣ. ನಿಮ್ಮ ಅಂಕಿ ಬೇರೆ ಇರುತ್ತದೆ, ಅದನ್ನು ಹಾಕಿಕೊಳ್ಳಿ. ಒಂದು ಟನ್ ಒಳಗಿನ ಗಾಡಿ, ಲೋಡ್ ಸಮೇತ ಲೀಟರಿಗೆ ಪೆಟ್ರೋಲ್ 14 ಕಿಲೋಮೀಟರ್ ಕೊಡುತ್ತದೆ, ಡೀಸೆಲ್ 18 ಕೊಡುತ್ತದೆ ಅಂತ ಇಟ್ಟುಕೊಳ್ಳಿ. ಪೆಟ್ರೋಲ್ 103 ರೂಪಾಯಿ ಭಾಗಿಸು 14, ಅಂದರೆ ಕಿಲೋಮೀಟರಿಗೆ 7 ರೂಪಾಯಿ 36 ಪೈಸೆ. ಡೀಸೆಲ್ 91 ಭಾಗಿಸು 18, ಅಂದರೆ 5 ರೂಪಾಯಿ 6 ಪೈಸೆ. ಉಳಿತಾಯ ಕಿಲೋಮೀಟರಿಗೆ 2 ರೂಪಾಯಿ 30 ಪೈಸೆ. ಇದರಲ್ಲಿ ಡೀಸೆಲ್ ಗಾಡಿಯ ಜಾಸ್ತಿ ಸರ್ವಿಸ್ ಖರ್ಚು, ಫಿಲ್ಟರ್, ಜಾಸ್ತಿ ಆಯಿಲ್, ಎಲ್ಲ ಸೇರಿ 50 ಪೈಸೆ ಕಳೆಯಿರಿ. ಕೈಗೆ ಸಿಗುವುದು 1 ರೂಪಾಯಿ 80 ಪೈಸೆ.

ಡೀಸೆಲ್ ಗಾಡಿಗೆ 1,20,000 ರೂಪಾಯಿ ಜಾಸ್ತಿ ಕೊಟ್ಟಿರಿ ಅಂದುಕೊಳ್ಳಿ. ಅದನ್ನು 1.80ರಿಂದ ಭಾಗಿಸಿದರೆ ಸುಮಾರು 66,700 ಕಿಲೋಮೀಟರ್. ತಿಂಗಳಿಗೆ ಸಾವಿರ ಕಿಲೋಮೀಟರ್ ಓಡಿಸುವವನಿಗೆ ಆ ದುಡ್ಡು ವಾಪಸ್ ಬರಲು ಐದೂವರೆ ವರ್ಷ ಬೇಕು. ತಿಂಗಳಿಗೆ ಮೂರು ಸಾವಿರ ಓಡಿಸುವವನಿಗೆ ಇಪ್ಪತ್ತೆರಡು ತಿಂಗಳು ಸಾಕು, ಅಲ್ಲಿಂದ ಮುಂದೆ ಎಲ್ಲ ಲಾಭ. ಗಾಡಿ ಒಂದೇ, ರಸ್ತೆಯೂ ಒಂದೇ ಇರಬಹುದು. ಆದರೂ ಒಬ್ಬನಿಗೆ ಲಾಭ, ಇನ್ನೊಬ್ಬನಿಗೆ ನಷ್ಟ.

ಇನ್ನೊಂದು ಮಾತು. ಆ ಜಾಸ್ತಿ ಒಂದು ಲಕ್ಷ ಇಪ್ಪತ್ತು ಸಾವಿರವನ್ನೂ ಸಾಲದಲ್ಲೇ ತರುತ್ತೀರಿ ಅಲ್ವಾ? ಅದರ ಬಡ್ಡಿಯನ್ನೂ ಸೇರಿಸಿ. ಷೋರೂಂನಲ್ಲಿ ಕಂತು ಎಷ್ಟು ಅಂತ ಹೇಳುತ್ತಾರೆ, ಒಟ್ಟು ಬಡ್ಡಿ ಎಷ್ಟು ಅಂತ ನೀವು ಕೇಳಿದರೆ ಮಾತ್ರ ಹೇಳುತ್ತಾರೆ. ಕೇಳಿ.

ಪೆಟ್ರೋಲ್ ಗಾಡಿ ಲೋಡ್ ಎಳೆಯೋದಿಲ್ಲ ಅಂತಾರಲ್ಲ?

ಎಳೆಯುತ್ತದೆ. ಎಳೆಯುವ ರೀತಿ ಬೇರೆ. ಡೀಸೆಲ್ ಇಂಜಿನ್ ಗಾಳಿಯನ್ನು ತುಂಬಾ ಬಿಗಿಯಾಗಿ ಒತ್ತಿ ಆ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳುವ ಹಾಗೆ ಮಾಡುತ್ತದೆ, ಸ್ಪಾರ್ಕ್ ಪ್ಲಗ್ ಇರುವುದಿಲ್ಲ. ಜೊತೆಗೆ ಟರ್ಬೊ (ಇಂಜಿನ್ನಿಗೆ ಜಾಸ್ತಿ ಗಾಳಿ ತುಂಬುವ ಭಾಗ) ಇದ್ದರೆ ಕಡಿಮೆ ಆರ್‌ಪಿಎಂನಲ್ಲೇ, ಅಂದರೆ ಇಂಜಿನ್ ನಿಧಾನಕ್ಕೆ ತಿರುಗುವಾಗಲೇ, ಟಾರ್ಕ್ (ಎಳೆಯುವ ಬಲ) ಸಿಗುತ್ತದೆ. ಪೆಟ್ರೋಲ್ ಇಂಜಿನ್ನಿನಲ್ಲಿ ಅದೇ ಕೆಲಸಕ್ಕೆ ಆರ್‌ಪಿಎಂ ಏರಿಸಬೇಕು, ಗೇರ್ ಇಳಿಸಬೇಕು.

ಎರಡು ಗಾಡಿ ಪಕ್ಕ ಪಕ್ಕ ಇಟ್ಟು ನೋಡಿ. ಮಾರುತಿ ಸೂಪರ್ ಕ್ಯಾರಿಯ 1.2 ಲೀಟರ್ ಪೆಟ್ರೋಲ್ ಇಂಜಿನ್ನಿನ ಶಕ್ತಿ 80 ಪಿಎಸ್, ಟಾರ್ಕ್ 104 ಎನ್‌ಎಂ, ಅದೂ 2900 ಆರ್‌ಪಿಎಂನಲ್ಲಿ. ಟಾಟಾ ಇಂಟ್ರಾ ವಿ30ರ 1.5 ಲೀಟರ್ ಡೀಸೆಲ್ 70 ಪಿಎಸ್ ಮಾತ್ರ, ಆದರೆ ಟಾರ್ಕ್ 140 ಎನ್‌ಎಂ, ಅದೂ 1800ರಿಂದಲೇ. ಕಾಗದದಲ್ಲಿ ಪೆಟ್ರೋಲ್‌ಗೆ ಪಿಎಸ್ ಜಾಸ್ತಿ. ಏರಿನಲ್ಲಿ ಲೋಡ್ ಹಾಕಿಕೊಂಡು ನಿಂತ ಗಾಡಿಯನ್ನು ಎತ್ತುವಾಗ ಕಾಲಿಗೆ ಗೊತ್ತಾಗುವುದು ಆ 140. ಹಾಗಂತ ಇವೆರಡೂ ಒಂದೇ ಕೆಲಸದ ಗಾಡಿಗಳಲ್ಲ. ಮೊದಲನೆಯದು ಮುಕ್ಕಾಲು ಟನ್ನಿಗೆ, ಎರಡನೆಯದು 1.3 ಟನ್ನಿಗೆ.

ಬೊಲೆರೊ ಪಿಕಪ್ ಅಳತೆಯ ಗಾಡಿ, ಅಂದರೆ ಒಂದೂವರೆ ಟನ್ ಹತ್ತಿರ ಹೊರುವುದು ಬೇಕು ಅಂದರೆ ಈ ಪ್ರಶ್ನೆಯೇ ಹೆಚ್ಚುಕಮ್ಮಿ ಇಲ್ಲ. ಅಲ್ಲಿ ಡೀಸೆಲ್ಲೇ ರಾಜ, ಪಕ್ಕದಲ್ಲಿ ಸಿಎನ್‌ಜಿ. ಪೆಟ್ರೋಲಾ ಡೀಸೆಲ್ಲಾ ಅನ್ನುವ ಚಿಂತೆ ಒಂದು ಟನ್ ಒಳಗಿನವರದ್ದು.

ನನ್ನ ಲೋಡ್ ಎಷ್ಟು ಅಂತ ಹೇಗೆ ತಿಳಿಯೋದು?

ನಮ್ಮ ಮಾರುಕಟ್ಟೆಯಲ್ಲಿ ಟೊಮೆಟೊ ಬಾಕ್ಸ್ ಅಂದರೆ 15 ಕೆಜಿ. ಐವತ್ತು ಬಾಕ್ಸ್ ಅಂದರೆ 750 ಕೆಜಿ ಅಂತ ಎಲ್ಲರೂ ಹೇಳುತ್ತಾರೆ. ಖಾಲಿ ಬಾಕ್ಸಿನ ತೂಕ ಯಾರೂ ಸೇರಿಸುವುದಿಲ್ಲ. ಒಂದೊಂದು ಒಂದೂವರೆ ಕೆಜಿ ಅಂದರೂ ಐವತ್ತಕ್ಕೆ 75 ಕೆಜಿ ಆಯ್ತು. ಅದರ ಮೇಲೆ ಇಬ್ಬರು ಆಳು ಹಿಂದೆ ಕೂತರೆ 950 ದಾಟಿತು. ಆಳುಗಳನ್ನು ಹಿಂದೆ ಕೂರಿಸಲೇಬಾರದು, ಅದು ಬೇರೆ ಮಾತು. ಒಂದು ಸಲ ಗಾಡಿ ತೂಗುವ ವೇಬ್ರಿಡ್ಜ್ ಮೇಲೆ ಹತ್ತಿಸಿ ಚೀಟಿ ತಗೊಳ್ಳಿ. ಆ ಚೀಟಿ ಕೈಯಲ್ಲಿ ಇಟ್ಟುಕೊಂಡು ಷೋರೂಂಗೆ ಹೋಗಿ.

ಘಾಟಿ ರಸ್ತೆಯವರಿಗೆ ಯಾವುದು?

ಡೀಸೆಲ್. ಇದರಲ್ಲಿ ನನಗೆ ಅನುಮಾನವೇ ಇಲ್ಲ. ನಮ್ಮ ಭಾವ ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿದು ಉಜಿರೆ, ಮಂಗಳೂರು ಕಡೆ ಹೋಗಿ ಬರುತ್ತಾರೆ. ವಾಪಸ್ ಬರುವಾಗಲೂ ಲೋಡ್ ಇರುತ್ತದೆ. ನಾನು ಒಂದು ಮಳೆಗಾಲ ಅವರ ಪಕ್ಕ ಕೂತು ಬಂದೆ. ತಿರುವಿನಲ್ಲಿ ಎದುರಿಗೆ ಬಸ್ ಬಂದು ಪೂರ್ತಿ ನಿಲ್ಲಿಸಬೇಕಾಯಿತು, ಕೆಳಗೆ ಮಂಜು, ರಸ್ತೆ ಒದ್ದೆ. ಅವರು ಹ್ಯಾಂಡ್‌ಬ್ರೇಕ್ ಹಿಡಿದು ಕ್ಲಚ್ ನಿಧಾನ ಬಿಟ್ಟರು ಅಷ್ಟೇ, ಗಾಡಿ ಒಂದು ಇಂಚೂ ಹಿಂದೆ ಹೋಗದೆ ಎದ್ದು ನಡೆಯಿತು. ಇಂಥ ಕಡೆ ಸಣ್ಣ ಪೆಟ್ರೋಲ್ ಇಂಜಿನ್ನಿಗೆ ಆರ್‌ಪಿಎಂ ಏರಿಸಿ ಏರಿಸಿ ಕ್ಲಚ್ ಸುಡುತ್ತದೆ, ಮೈಲೇಜೂ ಬಿದ್ದುಹೋಗುತ್ತದೆ.

ಇಳಿಯುವಾಗ ಮಾತ್ರ ಎರಡಕ್ಕೂ ಒಂದೇ ನಿಯಮ. ಯಾವ ಗೇರಿನಲ್ಲಿ ಹತ್ತಿದಿರೋ ಅದೇ ಗೇರಿನಲ್ಲಿ ಇಳಿಯಿರಿ. ಡೀಸೆಲ್ ಉಳಿಸೋಕೆ ಅಂತ ನ್ಯೂಟ್ರಲ್ ಮಾಡುವವರನ್ನು ನೋಡಿದರೆ ನನಗೆ ಭಯ ಆಗುತ್ತದೆ. ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಈಗಿನ ಇಂಜಿನ್ ತಾನೇ ಇಂಧನ ನಿಲ್ಲಿಸುತ್ತದೆ, ನ್ಯೂಟ್ರಲ್‌ನಲ್ಲಿ ಐಡ್ಲಿಂಗ್‌ಗೆ ಅಂತ ಕುಡಿಯುತ್ತಲೇ ಇರುತ್ತದೆ. ಉಳಿತಾಯವೂ ಇಲ್ಲ, ಬ್ರೇಕೂ ಇಲ್ಲ.

ಬಿಎಸ್6 ಡೀಸೆಲ್ ತೊಂದರೆ ಕೊಡುತ್ತೆ ಅಂತಾರೆ, ನಿಜನಾ?

ಇದನ್ನು ಸ್ವಲ್ಪ ಉದ್ದಕ್ಕೆ ಹೇಳಬೇಕು, ಯಾಕೆಂದರೆ ನನ್ನ ಎರಡನೇ ಗಾಡಿ ಇದರಿಂದಲೇ ಹೋಯಿತು.

2020ರ ಏಪ್ರಿಲ್ 1ರಿಂದ ದೇಶದಲ್ಲಿ ಬಿಎಸ್6 ಅನ್ನುವ ಹೊಗೆ ನಿಯಮ ಬಂತು. ಹೊಗೆ ಕಡಿಮೆ ಮಾಡೋಕೆ ಡೀಸೆಲ್ ಗಾಡಿಗಳ ಸೈಲೆನ್ಸರ್ ದಾರಿಯಲ್ಲಿ ಡಿಪಿಎಫ್ ಅನ್ನುವ ಫಿಲ್ಟರ್ ಬಂತು. ಅದು ಮಸಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ತುಂಬಿದ ಮೇಲೆ ಆ ಮಸಿಯನ್ನು ಸುಟ್ಟು ಬೂದಿ ಮಾಡಬೇಕು. ಸುಡೋಕೆ ಸುಮಾರು 600 ಡಿಗ್ರಿ ಬಿಸಿ ಬೇಕು. ಆ ಬಿಸಿ ಬರಬೇಕಾದರೆ ಗಾಡಿ ಒಂದೇ ಸಮ ಹದಿನೈದು ಇಪ್ಪತ್ತು ನಿಮಿಷ ಒಳ್ಳೆ ವೇಗದಲ್ಲಿ ಓಡಬೇಕು. ಹೆದ್ದಾರಿ ಗಾಡಿಗೆ ಇದು ತಾನಾಗಿ ಆಗುತ್ತದೆ, ಓಡಿಸುವವನಿಗೆ ಗೊತ್ತೂ ಆಗುವುದಿಲ್ಲ. ಇದನ್ನೇ ರೀಜನರೇಶನ್ ಅನ್ನೋದು.

ನನ್ನ ಓಡಾಟ ಹೇಗಿತ್ತು ಕೇಳಿ. ಬೆಳಗಿನ ಜಾವ ನಾಲ್ಕಕ್ಕೆ ತೋಟದಿಂದ ಹೊರಡುವುದು. ಮಾರುಕಟ್ಟೆಗೆ 14 ಕಿಲೋಮೀಟರ್, ಅದರಲ್ಲಿ ಅರ್ಧ ಮಣ್ಣಿನ ದಾರಿ, ಎರಡನೇ ಗೇರು. ಆಮೇಲೆ ಗೇಟಿನ ಮುಂದೆ ಸಾಲು. ಇಂಜಿನ್ ಆಫ್ ಮಾಡದೆ ಒಂದೊಂದು ಗಾಡಿ ಉದ್ದ ಮುಂದಕ್ಕೆ, ಮತ್ತೆ ನಿಲ್ಲು. ಇಂಜಿನ್ ಸರಿಯಾಗಿ ಬಿಸಿಯಾಗುವ ಹೊತ್ತಿಗೆ ನಾನು ಮಂಡಿ ಮುಂದೆ ಇರುತ್ತಿದ್ದೆ. ಹೀಗೆ ಎಂಟು ತಿಂಗಳು.

ಒಂದು ದಿನ ಮೀಟರಿನಲ್ಲಿ ಕಿತ್ತಳೆ ದೀಪ ಹತ್ತಿತು, ಒಂದು ಡಬ್ಬಿ, ಅದರೊಳಗೆ ಚುಕ್ಕೆಗಳು. ಏನೋ ಸೆನ್ಸರ್ ಅಂದುಕೊಂಡು ಸುಮ್ನೆ ಓಡಿಸಿದೆ. ಮೂರನೇ ದಿನ, 48 ಬಾಕ್ಸ್ ಲೋಡ್, ಇನ್ನೂ ಕತ್ತಲು, ಆಕ್ಸಿಲರೇಟರ್ ನೆಲಕ್ಕೆ ಒತ್ತಿದರೂ ಗಾಡಿ ಇಪ್ಪತ್ತರ ಮೇಲೆ ಏಳಲಿಲ್ಲ. ಇಂಜಿನ್ ಹಾಳಾಗದಿರಲಿ ಅಂತ ಗಾಡಿಯೇ ಶಕ್ತಿ ಕಡಿಮೆ ಮಾಡಿಕೊಂಡಿತ್ತು. ಮಾರುಕಟ್ಟೆ ಸೇರುವ ಹೊತ್ತಿಗೆ ನಮ್ಮ ಮಂಡಿಯಲ್ಲಿ ಹರಾಜು ಮುಗಿದಿತ್ತು, ಉಳಿದ ರೇಟಿಗೆ ಕೊಟ್ಟು ಬಂದೆ. ಸರ್ವಿಸ್ ಸೆಂಟರಿನಲ್ಲಿ ಕಂಪ್ಯೂಟರ್ ಹಾಕಿ ನಿಂತಲ್ಲೇ ಮಸಿ ಸುಟ್ಟರು. ಎರಡು ತಿಂಗಳಿಗೆ ಮತ್ತೆ ಅದೇ ಕಥೆ. ನನಗೆ ಇಂದಿಗೂ ಬೇಜಾರು ಏನೆಂದರೆ, ಮಾರುವಾಗ ಒಬ್ಬರೂ ನೀವು ದಿನಾ ಎಷ್ಟು ದೂರ ಓಡಿಸುತ್ತೀರಿ ಅಂತ ಕೇಳಲಿಲ್ಲ.

ಗಾಡಿಯದು ತಪ್ಪಲ್ಲ. ಆ ಕೆಲಸಕ್ಕೆ ಆ ಗಾಡಿ ಅಲ್ಲ ಅಷ್ಟೇ.

ಇನ್ನೊಂದು ಅಪಾಯ ಇದೆ, ಇದನ್ನು ತುಂಬಾ ಜನ ಗಮನಿಸುವುದಿಲ್ಲ. ಮಸಿ ಸುಡೋಕೆ ಹಲವು ಇಂಜಿನ್‌ಗಳು ಸಿಲಿಂಡರಿಗೆ ಸ್ವಲ್ಪ ಜಾಸ್ತಿ ಡೀಸೆಲ್ ಬಿಡುತ್ತವೆ. ಮಧ್ಯದಲ್ಲಿ ಗಾಡಿ ಆಫ್ ಮಾಡುತ್ತಲೇ ಇದ್ದರೆ ಆ ಡೀಸೆಲ್ ಕೆಳಗಿಳಿದು ಇಂಜಿನ್ ಆಯಿಲ್‌ಗೆ ಸೇರುತ್ತದೆ. ಆಯಿಲ್ ತೆಳ್ಳಗಾಗುತ್ತದೆ, ಟರ್ಬೊ ಬೇರಿಂಗಿಗೆ ಏಟು. ವಾರಕ್ಕೊಮ್ಮೆ ಡಿಪ್‌ಸ್ಟಿಕ್ (ಆಯಿಲ್ ಅಳೆಯುವ ಕಡ್ಡಿ) ಎಳೆದು ನೋಡಿ. ಆಯಿಲ್ ಕಡಿಮೆ ಆಗುವುದು ಗೊತ್ತು, ಜಾಸ್ತಿ ಆಗಿದ್ದರೆ, ಮೂಸಿದರೆ ಡೀಸೆಲ್ ವಾಸನೆ ಬಂದರೆ, ಕೂಡಲೇ ಆಯಿಲ್ ಬದಲಿಸಿ.

ಈಗಾಗಲೇ ಇಂಥ ಗಾಡಿ ಇದ್ದು ಓಡಾಟ ಕಡಿಮೆ ಅಂದರೆ ವಾರಕ್ಕೆ ಒಂದು ಸಲ ಅರ್ಧ ಗಂಟೆ ಹೆದ್ದಾರಿಗೆ ಕರೆದುಕೊಂಡು ಹೋಗಿ, ಒಂದು ಗೇರ್ ಕೆಳಗೇ ಇಟ್ಟು ಓಡಿಸಿ. ದೀಪ ಹತ್ತಿದ ದಿನವೇ ಮಾಡಿದರೆ ಬಹಳ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಡಿಪಿಎಫ್ ಕಿತ್ತು ಹಾಕುತ್ತೇವೆ ಅನ್ನುವ ಮೆಕ್ಯಾನಿಕ್‌ಗಳ ಮಾತು ಕೇಳಬೇಡಿ. ಅದು ಕಾನೂನಿಗೆ ವಿರುದ್ಧ, ಎಫ್‌ಸಿಗೆ (ಗಾಡಿಯ ಫಿಟ್‌ನೆಸ್ ಪರೀಕ್ಷೆಗೆ) ಹೋದಾಗ ಸಿಕ್ಕಿಬೀಳುತ್ತೀರಿ, ಆ ಹೊಗೆ ಕುಡಿಯುವುದೂ ನಮ್ಮ ಮಕ್ಕಳೇ.

ಡಿಇಎಫ್ ಅಂದ್ರೆ ಏನು? ಎಲ್ಲ ಡೀಸೆಲ್ ಗಾಡಿಗೂ ಹಾಕಬೇಕಾ?

ಹೊಗೆಯ ವಿಷ ಕಡಿಮೆ ಮಾಡೋಕೆ ಬಳಸುವ, ಯೂರಿಯಾ ಬೆರೆಸಿದ ಶುದ್ಧ ನೀರು, ನೂರಕ್ಕೆ ಯೂರಿಯಾ 32.5 ಭಾಗ. ಬೇರೆ ಟ್ಯಾಂಕಿಗೆ ಹಾಕಬೇಕು, ಮುಚ್ಚಳ ನೀಲಿ. ನೂರು ಲೀಟರ್ ಡೀಸೆಲ್ ಸುಟ್ಟರೆ ಸುಮಾರು ಮೂರರಿಂದ ಐದು ಲೀಟರ್ ಇದು ಖರ್ಚಾಗುತ್ತದೆ. ಎಲ್ಲ ಸಣ್ಣ ಗಾಡಿಗಳಿಗೂ ಇರುವುದಿಲ್ಲ, ಕೊಳ್ಳುವಾಗ ನೀಲಿ ಮುಚ್ಚಳ ಇದೆಯಾ ಅಂತ ನೀವೇ ನೋಡಿ. ಗದ್ದೆಗೆ ಹಾಕುವ ಯೂರಿಯಾವನ್ನು ಬೋರ್‌ವೆಲ್ ನೀರಿಗೆ ಕಲಸಿ ಹಾಕಬೇಡಿ. ಆ ನೀರಿನ ಉಪ್ಪಿಗೇ ಇಂಜೆಕ್ಟರ್ ಕಟ್ಟಿಕೊಳ್ಳುತ್ತದೆ.

ಪೆಟ್ರೋಲ್‌ಗೆ ಎಥೆನಾಲ್ ಸೇರಿಸ್ತಾರಲ್ಲ, ಮೈಲೇಜ್ ಬೀಳಲ್ವಾ?

ಸ್ವಲ್ಪ ಬೀಳುತ್ತದೆ. ಈಗ ಬಂಕಿನಲ್ಲಿ ಸಿಗುವುದು ಇ20, ಅಂದರೆ ನೂರಕ್ಕೆ ಇಪ್ಪತ್ತು ಭಾಗ ಎಥೆನಾಲ್. ಎಥೆನಾಲ್‌ನಲ್ಲಿ ಪೆಟ್ರೋಲ್‌ನಷ್ಟು ಕಸುವು ಇಲ್ಲ. ಅದಕ್ಕೇ ಮೇಲಿನ ಲೆಕ್ಕದಲ್ಲಿ ಕಂಪನಿ ಹೇಳುವ ಮೈಲೇಜ್ ಹಾಕಬೇಡಿ, ಈಗ ಓಡಿಸುತ್ತಿರುವವರನ್ನು ಕೇಳಿ ಹಾಕಿ. ಹೊಸ ಗಾಡಿ ಇ20ಗೆ ತಯಾರಾಗಿಯೇ ಬರುತ್ತದೆ. ಹಳೇ ಪೆಟ್ರೋಲ್ ಗಾಡಿ ಕೊಳ್ಳುವವರು ರಬ್ಬರ್ ಪೈಪ್‌ಗಳನ್ನು ನೋಡಿಕೊಳ್ಳಬೇಕು. ಎಥೆನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ, ಹಾಗಾಗಿ ಕ್ಯಾನಿನಲ್ಲಿ ತಿಂಗಳುಗಟ್ಟಲೆ ಇಡಬೇಡಿ.

ಡೀಸೆಲ್ ಕ್ಯಾನಿಗೂ ಇದೇ ಎಚ್ಚರಿಕೆ. ಟ್ರ್ಯಾಕ್ಟರ್‌ಗೆ ಅಂತ ಡ್ರಮ್ಮಿನಲ್ಲಿಟ್ಟ ಡೀಸೆಲ್ಲನ್ನೇ ಪಿಕಪ್‌ಗೂ ಸುರಿಯುವುದು ನಮ್ಮ ಕಡೆ ರೂಢಿ. ಹಳೇ ಇಂಜಿನ್ ಅದನ್ನು ತಡೆಯುತ್ತಿತ್ತು. ಈಗಿನ ಇಂಜೆಕ್ಟರ್ ತೂತು ತುಂಬಾ ಸಣ್ಣ, ಡ್ರಮ್ಮಿನ ತಳದ ನೀರು, ತುಕ್ಕು ಹೋದರೆ ಮುಗಿಯಿತು.

ಬಂಕಿನಲ್ಲಿ ತಪ್ಪಿ ಡೀಸೆಲ್ ಗಾಡಿಗೆ ಪೆಟ್ರೋಲ್ ಹಾಕಿದ್ರೆ?

ಕೀ ತಿರುಗಿಸಬೇಡಿ. ಸ್ಟಾರ್ಟ್ ಮಾಡದಿದ್ದರೆ ಟ್ಯಾಂಕ್ ಖಾಲಿ ಮಾಡಿಸಿದರೆ ಸಾಕು. ಸ್ಟಾರ್ಟ್ ಮಾಡಿದರೆ ಪಂಪ್ ಸವೆಯುತ್ತದೆ, ಯಾಕೆಂದರೆ ಆ ಪಂಪಿಗೆ ಡೀಸೆಲ್ಲೇ ಎಣ್ಣೆ. ಗಾಡಿಯನ್ನು ತಳ್ಳಿ ಪಕ್ಕಕ್ಕೆ ನಿಲ್ಲಿಸಿ ಮೆಕ್ಯಾನಿಕ್‌ಗೆ ಫೋನ್ ಮಾಡಿ.

ಸಿಎನ್‌ಜಿ ಹೇಗೆ?

ನಿಮ್ಮ ದಾರಿಯಲ್ಲೇ ಬಂಕ್ ಇದ್ದರೆ, ಅಲ್ಲಿ ಸಾಲು ಕಡಿಮೆ ಇದ್ದರೆ, ಒಳ್ಳೆಯದೇ. ಆದರೆ ಸಿಲಿಂಡರ್ ತೂಕ ನಿಮ್ಮ ಲೋಡಿನಿಂದ ಕಳೆಯುತ್ತದೆ. ಸೂಪರ್ ಕ್ಯಾರಿ ಪೆಟ್ರೋಲ್ 740 ಕೆಜಿ ಹೊತ್ತರೆ ಸಿಎನ್‌ಜಿ 625 ಅಷ್ಟೇ. ನಮ್ಮ ಲೆಕ್ಕದಲ್ಲಿ ಏಳು ಬಾಕ್ಸ್ ಕಡಿಮೆ, ಪ್ರತಿ ಟ್ರಿಪ್ಪಿಗೂ.

ಸೆಕೆಂಡ್ ಹ್ಯಾಂಡ್ ಡೀಸೆಲ್ ಕೊಳ್ಳುವಾಗ ಏನು ನೋಡಬೇಕು?

ಬೆಳಿಗ್ಗೆ ಬೇಗ ಹೋಗಿ, ಇಂಜಿನ್ ತಣ್ಣಗಿರುವಾಗಲೇ. ಮುಟ್ಟಿ ನೋಡಿ, ನೀವು ಬರುವ ಮೊದಲೇ ಸ್ಟಾರ್ಟ್ ಮಾಡಿ ಇಟ್ಟಿದ್ದರೆ ಅನುಮಾನ ಪಡಿ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ಬರುತ್ತಲೇ ಇದ್ದರೆ ಇಂಜೆಕ್ಟರ್ ಅಥವಾ ಕಂಪ್ರೆಷನ್ ತೊಂದರೆ ಇರಬಹುದು. ಬಿಎಸ್6 ಗಾಡಿ ಆದರೆ ಸೈಲೆನ್ಸರ್ ಬಾಯಿಗೆ ಬೆರಳು ಹಾಕಿ ಒರೆಸಿ. ಕಪ್ಪು ಮಸಿ ದಪ್ಪಗೆ ಮೆತ್ತಿದರೆ ಡಿಪಿಎಫ್ ಕಿತ್ತಿದ್ದಾರೆ ಅಥವಾ ಒಡೆದಿದೆ, ಸರಿಯಾಗಿದ್ದರೆ ಬೆರಳು ಹೆಚ್ಚುಕಮ್ಮಿ ಶುಭ್ರವಾಗಿಯೇ ಬರುತ್ತದೆ.

ಪರ್ಮಿಟ್, ಲೈಸೆನ್ಸ್ ಎರಡಕ್ಕೂ ಬೇರೆ ಬೇರೆನಾ?

ಇಂಧನಕ್ಕೂ ಅದಕ್ಕೂ ಸಂಬಂಧ ಇಲ್ಲ. ಲೋಡ್ ಸೇರಿ ಒಟ್ಟು ತೂಕ 3000 ಕೆಜಿ ದಾಟದ ಸರಕು ಗಾಡಿಗೆ ಪರ್ಮಿಟ್ ಬೇಡ. ಎಲ್‌ಎಂವಿ (ಲಘು ಮೋಟಾರು ವಾಹನ) ಲೈಸೆನ್ಸ್ ಇದ್ದವರು 7500 ಕೆಜಿವರೆಗಿನ ಸರಕು ಗಾಡಿ ಓಡಿಸಬಹುದು ಅಂತ ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಮತ್ತೆ ಖಚಿತ ಮಾಡಿದೆ. ಎಫ್‌ಸಿ ಹೊಸ ಗಾಡಿಗೆ ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ.

ಷೋರೂಂನಲ್ಲಿ ಟೆಸ್ಟ್ ಡ್ರೈವ್ ಮಾಡಿದ್ರೆ ಸಾಕಲ್ವಾ?

ಖಾಲಿ ಗಾಡಿಯಲ್ಲಿ ಎರಡು ಕಿಲೋಮೀಟರ್ ಓಡಿಸಿದರೆ ಯಾವುದೂ ಗೊತ್ತಾಗುವುದಿಲ್ಲ. ಖಾಲಿ ಇದ್ದಾಗ ಎಲ್ಲ ಗಾಡಿಯೂ ಚೆನ್ನಾಗಿಯೇ ಓಡುತ್ತದೆ. ಲೋಡ್ ಹಾಕಿ ನೋಡಬೇಕು ಅಂತ ಗಟ್ಟಿಯಾಗಿ ಕೇಳಿ. ಕೊಡದಿದ್ದರೆ ಅದೇ ಮಾಡೆಲ್ ಇರುವ ಯಾರಾದರೂ ಪರಿಚಯದವರಿಗೆ ಒಂದು ದಿನದ ಬಾಡಿಗೆ ಕೊಟ್ಟು ನಿಮ್ಮ ಸರಕನ್ನೇ ಹಾಕಿ ಓಡಿಸಿ. ನಾನು ಈಗಿನ ಪೆಟ್ರೋಲ್ ಗಾಡಿ ಕೊಳ್ಳುವ ಮೊದಲು ಹಾಗೇ ಮಾಡಿದೆ. ಗೊಬ್ಬರದ ಅಂಗಡಿಯಿಂದ 14 ಚೀಲ ಡಿಎಪಿ ತರುವುದಿತ್ತು, ಚೀಲಕ್ಕೆ 50 ಕೆಜಿ, ಒಟ್ಟು 700. ನಮ್ಮೂರ ಕೆರೆ ಕಟ್ಟೆಯ ಏರಿನಲ್ಲಿ ಬೇಕಂತಲೇ ಪೂರ್ತಿ ನಿಲ್ಲಿಸಿದೆ. ಮೊದಲ ಗೇರಿಗೆ ಹಾಕಿ ಎಬ್ಬಿಸಿದೆ. ಇಂಜಿನ್ ಸ್ವಲ್ಪ ಕೂಗಿತು, ಆದರೆ ಕ್ಲಚ್ ವಾಸನೆ ಬರಲಿಲ್ಲ. ಇಳಿದು ಮನೆಗೆ ಬಂದು ಚೀಲ ಇಳಿಸಿದ ಮೇಲೆ, ಸಂಜೆ ಷೋರೂಂಗೆ ಫೋನ್ ಮಾಡಿದೆ.